ಗೋಧಿಯಿಲ್ಲದ ಚೀಸು

ನಾನಾಗ ಶಿವಮೊಗ್ಗದಿಂದ ಭದ್ರಾವತಿಯ ಬೇಕರಿಗಳಿಗೆ ಚೀಸು, ಬೆಣ್ಣೆ ಹಾಕುತ್ತಿದ್ದೆ. ಒಂದು ದಿನ ರಾಜಣ್ಣನ ಬೇಕರಿಯಲ್ಲಿ ಹೆಂಗಸೊಬ್ಬರು ತಡೆದು ಕೇಳಿದರು: "ಅಣ್ಣಾ, ಈ ಚೀಸಲ್ಲಿ ಗ್ಲುಟೆನ್ ಇದೆಯಾ? ಗೋಧಿಯ ಅಂಶ ಚೂರು ಹೋದ್ರೂ ನನ್ನ ಮಗಳು ಹೊಟ್ಟೆನೋವಲ್ಲಿ ಒದ್ದಾಡ್ತಾಳೆ. ಚೀಸು ಬೇಕು ಅಂತ ಒಂದೇ ಹಟ."

ಪ್ಯಾಕೆಟ್ ಮೇಲೆ ಏನೂ ಬರೆದಿರಲಿಲ್ಲ. ಕಂಪನಿಗೆ ಫೋನ್ ಮಾಡಿದೆ.

"ಪ್ಯೂರ್ ವೆಜ್ ಸಾರ್."

"ಅದಲ್ಲ ಮಾರಾಯ, ಗೋಧಿ ಇದೆಯಾ?"

"ಮೊಟ್ಟೆನೂ ಇಲ್ಲ ಸಾರ್."

ಹೀಗೇ ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾ ಹೋದರು. ನನಗೆ ಸಾಕುಸಾಕಾದ ಮೇಲೆ ಫ್ಯಾಕ್ಟರಿಯವರೇ ಸಿಕ್ಕಿ, ಚೀಸಿಗೆ ಗೋಧಿ ಹಾಕುವುದಿಲ್ಲ, ಅದನ್ನು ಮಾಡುವ ಯಂತ್ರಕ್ಕೂ ಗೋಧಿ ತಾಗುವುದಿಲ್ಲ ಎಂದರು.

ಮುಂದಿನ ಸಲ ತಾಯಿ, ಮಗಳು ಇಬ್ಬರೂ ಬೇಕರಿಯಲ್ಲಿ ಕಾಯುತ್ತಿದ್ದರು. ವಿಷಯ ಹೇಳಿದೆ. ನನಗಿಂತ ಹೆಚ್ಚು ಖುಷಿಯಾದದ್ದು ರಾಜಣ್ಣನಿಗೆ. ಹೊಸ ಪ್ಯಾಕೆಟ್ ಒಡೆದು, ಆಗಷ್ಟೇ ಬನ್ನು ಕೊಯ್ದಿದ್ದ ಚಾಕುವಿನಲ್ಲೇ ಒಂದು ತುಂಡು ಕತ್ತರಿಸಿ, "ತಗೋ ಪುಟ್ಟಿ" ಎಂದು ಚಾಚಿದ.

ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಅಂಕಲ್, ಚಾಕು!"

ಒಡೆಯದ ಇನ್ನೊಂದು ಪ್ಯಾಕೆಟ್ ಅವಳ ಕೈಗಿಟ್ಟೆ. ನಾನು ಅಷ್ಟು ಒದ್ದಾಡಿ ವಿಚಾರಿಸಿದ ಗೋಧಿಯಿಲ್ಲದ ಚೀಸನ್ನು ಮೊದಲು ತಿಂದವನು ರಾಜಣ್ಣ, ಅದೂ ಬನ್ನಿನೊಳಗೆ ಇಟ್ಟುಕೊಂಡು.