ಫ್ಲಕ್ಸ್ ಅಂಟಿಸುವುದಿಲ್ಲ

ಅಕ್ಷರ ನನಗೆ ಕಷ್ಟದಿಂದ ಬರುತ್ತದೆ. ನಾನು ಬರೆದ ‘ಕ್ಷ’ ನೋಡಿ ಮೊಮ್ಮಗಳು ಜಿಲೇಬಿ ಎನ್ನುತ್ತಾಳೆ. ಬೆಸುಗೆ ಮಾತ್ರ ಸಲೀಸಾಗಿ ಬರುತ್ತದೆ. ಪೀಣ್ಯದ ಸಣ್ಣ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿಗಳನ್ನು ಬೆಸೆಯುತ್ತಲೇ ಮುದುಕಿಯಾದವಳು ನಾನು.

ಹೋದ ತಿಂಗಳು ನಮಗೆಲ್ಲ ಪರೀಕ್ಷೆ ಇಟ್ಟರು. ಹತ್ತು ಪ್ರಶ್ನೆ. ಒಂದು ತಪ್ಪಿದರೂ ಬೆಸುಗೆ ಮೇಜು ಬಿಟ್ಟು ಪ್ಯಾಕಿಂಗ್‌ಗೆ ಹೋಗಬೇಕು. ಒಂಬತ್ತನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸಿದೆ. ಹತ್ತನೆಯದು: ಬೆಸೆಯುವ ಮುಂಚೆ ತಂತಿಗೆ ಫ್ಲಕ್ಸ್ ಯಾಕೆ ಹಾಕುತ್ತೇವೆ? ಅಂಟಿಸಲು, ಹೊಳೆಯಲು, ತಣ್ಣಗಾಗಲು. ಮೂರೂ ಸುಳ್ಳು! ಪೆನ್ನು ಕೆಳಗಿಟ್ಟೆ.

ಹೊಸದಾಗಿ ಬಂದ ಎಂಜಿನಿಯರ್ ಚೈತ್ರಾ ಮೇಡಂ ಬಗ್ಗಿ ನೋಡಿದರು. “ಅಂಟಿಸಲು ಅಂತ ಟಿಕ್ ಹಾಕಿ ಅಜ್ಜಿ, ಎಲ್ರೂ ಅದನ್ನೇ ಹಾಕಿದ್ದಾರೆ. ಸರಿಯುತ್ತರದ ಹಾಳೇಲೂ ಅದೇ ಇದೆ.”

“ಅದು ಅಂಟ್ಸಲ್ಲ ಅಂತ ಕಣ್ಣಾರೆ ಕಂಡಿವ್ನಿ ಮೇಡಂ. ಕಂಡಿದ್ದನ್ನ ಇಲ್ಲ ಅಂತ ಎಂಗೆ ಗೀಚ್ಲಿ?”

“ಹಾಗಾದ್ರೆ ನಾಳೆಯಿಂದ ಪ್ಯಾಕಿಂಗ್.”

ಅಂಟಿಸುವುದು ಸೀಸ, ಬೆಸುಗೆಗೆ ಕರಗಿಸುವ ಲೋಹ. ಆದರೆ ತಾಮ್ರದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ತುಕ್ಕು ಕೂತಿರುತ್ತದೆ. ಕಾಯಿಸಿದರೆ ಗಾಳಿ ತಾಗಿ ಇನ್ನೂ ಹೆಚ್ಚುತ್ತದೆ. ಫ್ಲಕ್ಸ್ ಅದನ್ನು ತಿಂದು, ಗಾಳಿಯನ್ನು ಹೊರಗೇ ನಿಲ್ಲಿಸಿ, ಕರಗಿದ ಸೀಸ ಹರಡಲು ದಾರಿ ಬಿಡುತ್ತದೆ. ಇದೇನು ಹೊಸ ವಿದ್ಯೆಯೇ? ಪಾತ್ರೆಗೆ ಕಲಾಯಿ ಹಾಕುವವರು ತವರ ಬಳಿಯುವ ಮುಂಚೆ ನವಸಾಗರವೆಂಬ ಉಪ್ಪು ಉಜ್ಜುತ್ತಿದ್ದದ್ದೂ ಇದಕ್ಕೇ. ಆ ಬುದ್ಧಿಯನ್ನು ನಾನೂ ಒಮ್ಮೆ ಇಲ್ಲಿ ಓಡಿಸಿದ್ದೆ. ನಾವು ಫ್ಲಕ್ಸ್ ಆಗಿ ಬಳಸುವ, ಮರದ ಅಂಟಿನಿಂದ ಮಾಡಿದ ರಾಳ ನಿಧಾನ ಎಂದು ತಂತಿಗೆ ನವಸಾಗರ ತಿಕ್ಕಿದೆ. ಬೆಸುಗೆ ಫಳಫಳ ಹೊಳೆಯಿತು. ಮೂರು ತಿಂಗಳಿಗೆ ತಂತಿಯೆಲ್ಲ ಹಸಿರು ಬಂದು ತುಂಡಾಗಿ, ಮಾರಿದ ಟ್ರಾನ್ಸ್‌ಫಾರ್ಮರುಗಳು ವಾಪಸ್ ಬಂದವು. ನವಸಾಗರ ತುಕ್ಕನ್ನಷ್ಟೇ ತಿಂದು ಸುಮ್ಮನಾಗುವುದಿಲ್ಲ, ತಾಮ್ರವನ್ನೂ ತಿನ್ನುತ್ತದೆ. ಬೈಸಿಕೊಂಡು ಕಲಿತದ್ದು ಮರೆಯುವುದಿಲ್ಲ ನೋಡಿ.

ಪ್ಯಾಕಿಂಗ್‌ಗೆ ನಾನು ಹೋಗಲಿಲ್ಲ. ಮರುದಿನ ನನ್ನ ಸ್ಟೂಲಿನ ಮೇಲೇ ಕೂತೆ. ಎಬ್ಬಿಸಲು ಬಂದ ಮೇಡಂ ಕೈಗೆ ಒಂದು ಹಳೆಯ ತಂತಿ ಕೊಟ್ಟೆ. “ಫ್ಲಕ್ಸ್ ಇಲ್ದೆ ಕರಗಿದ್ ಸೀಸಕ್ಕೆ ಅದ್ದಿ. ಇಡೀತು ಅಂದ್ರೆ ನಾನೇ ಎದ್ದೋಯ್ತೀನಿ.”

ಅದ್ದಿದರು. ಸೀಸ ಗುಂಡುಗುಂಡಾಗಿ ಜಾರಿ ಮೇಜಿನ ಮೇಲೆ ಸಾಸಿವೆಯಂತೆ ಉರುಳಿತು. ಅದೇ ತಂತಿಯನ್ನು ಮೊದಲು ರಾಳದಲ್ಲಿ, ಆಮೇಲೆ ಸೀಸದಲ್ಲಿ ಅದ್ದಿಸಿದೆ. ಚುಂಯ್ ಎಂದು ಹೊಗೆ ಎದ್ದಿತು, ಸೀಸ ನೀರಿನಂತೆ ಹಬ್ಬಿತು. ತಣ್ಣಗಾದ ಮೇಲೆ ಮೇಡಂ ಸೀಸವನ್ನು ಎರಡು ಸಲ ಕೆರೆದು ನೋಡಿದರು. ಬಿಡಲಿಲ್ಲ.

“ಹಾಗಾದ್ರೆ ನೀವೊಬ್ಬರೇ ಪಾಸು, ಉಳಿದ ಎಂಟು ಜನ ಪ್ಯಾಕಿಂಗ್‌ಗೆ,” ಎಂದರು.

“ತಪ್ಪು ನಿಮ್ ಕಾಗದದ್ದು ಮೇಡಂ. ಅವ್ರನ್ಯಾಕೆ ಓಡಿಸ್ತೀರ? ಆ ಪ್ರಶ್ನೆನೇ ಒಡೆದಾಕಿ.”

ಮೇಡಂ ಎಲ್ಲರ ಕಾಗದದಲ್ಲೂ ಆ ಪ್ರಶ್ನೆಗೆ ಅಡ್ಡಗೆರೆ ಎಳೆದರು. ಸ್ಟೂಲೂ ಉಳಿಯಿತು, ಜೊತೆಯವರೂ ಉಳಿದರು. ಮೆಚ್ಚುವರೆಂದು ತಿಳಿದರೆ, ಪಕ್ಕದ ಮೇಜಿನ, ಕೊಪ್ಪಳದ ಕಡೆಯ ಹುಲಿಗೆಮ್ಮ ಮೂತಿ ತಿರುವಿದಳು.

“ಏ ಮುದುಕಿ, ಹತ್ತಕ್ಕ ಹತ್ತು ಬಂದಿತ್ತು ನನಗ. ನಿನ್ನಿಂದ ಒಂದ್ ಮಾರ್ಕ್ ಹೋತು!”

“ಓಗಿದ್ದು ತುಕ್ಕು ಕಣೆ,” ಎಂದೆ. “ಈಗ ಬಾ, ಕಲಿತದ್ದು ಇಡಿಯುತ್ತೆ.”