ದೊಡ್ಡ ಡಾಕ್ಟರ ಕೋಪವೂ ಟೈಪಮ್ಮನ ಮೆಮೊವೂ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಗಡೆಗೆ, ಒಂದೇ ಕಿಟಕಿಯ ಪುಟ್ಟ ಕೋಣೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಕರಿಯ ಟೈಪ್‌ರೈಟರು, ಅದರ ಹಿಂದೆ ಇಪ್ಪತ್ತೆರಡು ವರ್ಷದಿಂದ ಟೈಪಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಅದು ಯಾರಿಗೂ ಬೇಕಾಗಲಿಲ್ಲ. ನೆಲ ಒರೆಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಟೈಪಮ್ಮ.

ಆಸ್ಪತ್ರೆಯ ಆಡಳಿತ ದೊಡ್ಡ ಡಾಕ್ಟರ ಕೈಯಲ್ಲಿ. ಅವರ ಕೈಗುಣ ಚೆನ್ನಾಗಿತ್ತು, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕೋಪ ಬಂತೆಂದರೆ ಬಾಯಿಗೆ ಇಂಗ್ಲಿಷು ಬರುತ್ತಿತ್ತು. ಕಚೇರಿಯ ಕಾಗದಗಳೂ ಇಂಗ್ಲಿಷಿನಲ್ಲೇ ಹೋಗಬೇಕಾಗಿದ್ದರಿಂದ ಅದು ಅನುಕೂಲವೇ ಆಯಿತು. ಅವರು ಅತ್ತಿಂದಿತ್ತ ಓಡಾಡುತ್ತ ಹೇಳುವುದು, ಟೈಪಮ್ಮ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಳ್ಳುವುದು, ಆಮೇಲೆ ಟೈಪು ಮಾಡಿ ತರುವುದು.

ಟೈಪಮ್ಮ ಓದಿದ್ದು ಹತ್ತು ಕ್ಲಾಸು, ಜೊತೆಗೆ ಆರು ತಿಂಗಳ ಟೈಪಿಂಗು. ಮೊದಲ ವರ್ಷ ಅಕ್ಷರ ನೋಡಿ ಬೆರಳು ಓಡಿಸಿದರೇ ಹೊರತು ಅರ್ಥದ ಗೊಡವೆಗೆ ಹೋಗಲಿಲ್ಲ. ಒಂದು ದಿನ ವಾರ್ಡಿನ ಆಯಾ ತನಗೆ ಬಂದ ಮೆಮೊ ಹಿಡಿದುಕೊಂಡು ಬಂದು, ಇದರಲ್ಲಿ ಏನು ಬೈದಿದ್ದಾರೆ ಹೇಳಿ ಎಂದು ಕೇಳಿದಳು. ಆ ಮೆಮೊವನ್ನು ಟೈಪು ಮಾಡಿದ್ದೇ ಇವರು. ಹೇಳಲು ಬರಲಿಲ್ಲ. 

ಅವತ್ತು ಸಂಜೆಯೇ ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ನಿಘಂಟು ಕೊಂಡರು. ನಿಘಂಟು ಅಷ್ಟೇನೂ ಉಪಕಾರ ಮಾಡಲಿಲ್ಲ. ಹತ್ತು ಥರದ ಇಂಗ್ಲಿಷು ಕೋಪಕ್ಕೆ ಅದರಲ್ಲಿ ಇದ್ದದ್ದು ಮೂರೇ ಕನ್ನಡ: ಬೈಯು, ನಿಂದಿಸು, ಖಂಡಿಸು. ಎಲ್ಲವೂ ಒಂದೇ ಆದರೆ ಹತ್ತು ಮಾತು ಯಾಕೆ ಎಂದು ಟೈಪಮ್ಮನಿಗೆ ಸಮಾಧಾನವಾಗಲಿಲ್ಲ. ಯಾವ ತಪ್ಪಿಗೆ ಯಾವ ಮಾತು ಬೀಳುತ್ತದೆ, ಬಿದ್ದ ಮೇಲೆ ಆ ಮನುಷ್ಯನ ಗತಿ ಏನಾಗುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಹೋದರು. ಒಂದೊಂದು ಮಾತಿಗೂ ತಮ್ಮ ಮನೆಯ ಕಡೆಯಿಂದ ಒಬ್ಬೊಬ್ಬರನ್ನು ಹುಡುಕಿ ಕೂರಿಸಿದರು. ರಿಬ್ಯೂಕ್ ಎಂದರೆ ಅಪ್ಪ: ಎದುರಿಗೆ ನಿಲ್ಲಿಸಿ ಒಂದು ಸಲ ಗದರಿ, ಆ ಕೂಡಲೇ ಊಟಕ್ಕೆ ಬಾ ಎನ್ನುವುದು. ರೆಪ್ರಿಮ್ಯಾಂಡ್ ಎಂದರೆ ಶಾಲೆಯ ಹೆಡ್ಮೇಷ್ಟ್ರು: ಗದರಿದ್ದನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಸಹಿ ಹಾಕಿಸಿಕೊಳ್ಳುವುದು. ಬಿರೇಟ್ ಎಂದರೆ ಸೋದರತ್ತೆ: ಬೆಳಿಗ್ಗೆ ಒಡೆದ ಬಟ್ಟಲಿಗೆ ಸಂಜೆಯವರೆಗೂ ಬಾಯಿ ಮುಚ್ಚದೆ ಬೈಯುವುದು. ವಿಲಿಫೈ ಎಂದರೆ ಪಕ್ಕದ ಮನೆಯಾಕೆ: ಇದ್ದದ್ದಕ್ಕೆ ಇಲ್ಲದ್ದನ್ನು ಪೋಣಿಸಿ ಹೆಸರು ಕೆಡಿಸುವುದು. ಡಿನೌನ್ಸ್ ಎಂದರೆ ಚಿಕ್ಕಪ್ಪ. ಅವನು ಒಂದು ಸಲ ನಡುಬೀದಿಯಲ್ಲಿ ನಿಂತು, ನಾಲ್ಕು ಜನರ ಎದುರಿಗೆ, ಒಡಹುಟ್ಟಿದ ಅಣ್ಣನನ್ನೇ ಇವನು ಮನುಷ್ಯನಲ್ಲ ಎಂದಿದ್ದ. ಅದಾದ ಮೇಲೆ ಆ ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗೆ ಕೂರಲಿಲ್ಲ.

ಕೆಲಸದಲ್ಲಿ ಟೈಪಮ್ಮನದು ಒಂದು ಪದ್ಧತಿ. ದೊಡ್ಡ ಡಾಕ್ಟರು ಹೇಳಿದ್ದರಲ್ಲಿ ಒಂದು ಅಕ್ಷರ ಬಿಡುತ್ತಿರಲಿಲ್ಲ, ಒಂದು ಅಕ್ಷರ ಸೇರಿಸುತ್ತಿರಲಿಲ್ಲ. ಟೈಪಾದ ಮೇಲೆ ಅವರ ಎದುರಿಗೆ ನಿಂತು ಪೂರ್ತಿ ಓದಿ ಹೇಳುತ್ತಿದ್ದರು. ಏರಿಳಿತವಿಲ್ಲ, ಹಾಸಿಗೆ ಹೊದಿಕೆಯ ಪಟ್ಟಿ ಓದುವ ದನಿ. ತನ್ನ ಕೋಪ ಇನ್ನೊಬ್ಬರ ಬಾಯಲ್ಲಿ ಅಷ್ಟು ತಣ್ಣಗೆ ಕೇಳಿದಾಗ ಎಂಥವರಿಗೂ ಒಂದು ಥರ ಆಗುತ್ತದೆ. ದೊಡ್ಡ ಡಾಕ್ಟರು ತಾವೇ ಕೆಮ್ಮಿ, ಆ ಸಾಲು ತೆಗೆಯಿರಿ, ಈ ಮಾತು ತೆಗೆಯಿರಿ ಎನ್ನುತ್ತಿದ್ದರು. ಆಮೇಲೆ ಕಣ್ಣು ಹಾಯಿಸದೆ ಸಹಿ ಹಾಕುತ್ತಿದ್ದರು. ಟೈಪಮ್ಮ ಓದಿದ್ದಾರೆ ಅಂದರೆ ಓದಿದ ಹಾಗೆ, ಮತ್ತೆ ನೋಡುವುದೇನಿದೆ ಎಂಬ ನಂಬಿಕೆ. ಹೀಗೆ ಇಷ್ಟು ವರ್ಷದಲ್ಲಿ ಎಷ್ಟು ಜನರ ಹೊಟ್ಟೆಪಾಡು ಉಳಿಯಿತೋ, ಲೆಕ್ಕ ಇಟ್ಟವರಿಲ್ಲ.

ಟೈಪಮ್ಮನ ಬೆನ್ನಿಗೆ ಬಿದ್ದ ತಮ್ಮ ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿ ಔಷಧಿ ಸ್ಟೋರು ನೋಡಿಕೊಳ್ಳುತ್ತಿದ್ದ. ಒಳ್ಳೆಯವನೇ, ಸ್ವಲ್ಪ ಮೈಮರೆವು. ಒಂದು ಶನಿವಾರ ಸೆಖೆ ತಡೆಯಲಾರದೆ ಫ್ರಿಜ್ಜಿನ ಪ್ಲಗ್ಗು ಕಿತ್ತು ಫ್ಯಾನಿನದು ಸಿಕ್ಕಿಸಿದ. ಹೋಗುವಾಗ ಫ್ಯಾನು ಆರಿಸಿದ, ಫ್ರಿಜ್ಜನ್ನು ಮರೆತ. ಸೋಮವಾರ ಬಂದು ನೋಡಿದರೆ ಮಕ್ಕಳ ಲಸಿಕೆಯೆಲ್ಲ ಹಾಳು. ಹೊರಗೆ ಸಾಲಿನಲ್ಲಿ ಇಪ್ಪತ್ತೇಳು ತಾಯಂದಿರು. ಎಲ್ಲರೂ ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದ ದಾರಿ ಹಿಡಿದರು. ತಮ್ಮ ನೆಟ್ಟಗೆ ಮೇಲೆ ಹೋಗಿ ತಾನೇ ಬಾಯಿ ಬಿಟ್ಟು ಹೇಳಿದ.

ದೊಡ್ಡ ಡಾಕ್ಟರು ಕೆಂಡವಾದರು. ಟೈಪಮ್ಮನನ್ನು ಕರೆಸಿದರು. ಪೆನ್ಸಿಲು ಎತ್ತುವ ಮೊದಲೇ ಟೈಪಮ್ಮ, ಇವನು ನನ್ನ ತಮ್ಮ, ಬೇರೆಯವರ ಕೈಲಿ ಬರೆಸಿ ಎಂದರು. ಬೇರೆ ಯಾರಿದ್ದಾರೆ, ಬರೆದುಕೊಳ್ಳಿ ಎಂದರು ಅವರು. ಈ ಮನುಷ್ಯನ ಅಪ್ರಾಮಾಣಿಕ ನಡತೆಯನ್ನು ನಾನು ಡಿನೌನ್ಸ್ ಮಾಡುತ್ತೇನೆ ಎಂದು ಶುರುವಾದದ್ದು ಒಂದೂವರೆ ಪುಟವಾಯಿತು. ಒಂದು ಪ್ರತಿ ಮೇಲಿನ ಕಚೇರಿಗೆ. ಆ ಮಾತು ಮೇಲೆ ಹೋದರೆ ಕೆಲಸ ಹೋದ ಹಾಗೆಯೇ. ಟೈಪಮ್ಮ ಒಂದನ್ನೂ ಬಿಡದೆ ಬರೆದುಕೊಂಡರು.

ತಮ್ಮ ಮೆಟ್ಟಿಲ ಮೇಲೆ ಕಾದು ನಿಂತಿದ್ದ. "ಅಕ್ಕ, ಅಡ್ವೈಸ್ ಅಂತ ಒಂದು ಮಾತಿದೆಯಂತೆ. ಅದು ಬಿದ್ರೆ ಏನೂ ಆಗಲ್ವಂತೆ. ಅದನ್ನ ಟೈಪ್ ಮಾಡ್ಬಿಡು. ಓದುವಾಗ ಅವ್ರು ಹೇಳಿದ್ದನ್ನೇ ಓದು. ಅವ್ರೇನು ಕಾಗದ ನೋಡ್ತಾರಾ?"

"ಅವ್ರು ನೋಡಲ್ಲ ಅನ್ನೋದಕ್ಕೇ ನನ್ನ ಕೈಲಿ ಆಗಲ್ಲ ಕಣೋ," ಎಂದರು ಟೈಪಮ್ಮ.

ಅವನು ಮುಖ ತಿರುಗಿಸಿಕೊಂಡು ಇಳಿದುಹೋದ. ಟೈಪಮ್ಮನ ಬೆರಳು ಅವತ್ತು ನಾಲ್ಕು ಕಡೆ ತಪ್ಪಿತು. ಹಾಳೆ ಕಿತ್ತು, ಮತ್ತೆ ಕಾರ್ಬನ್ನು ಜೋಡಿಸಿ, ಹೊಸದಾಗಿ ಹೊಡೆದರು.

ಓದುವಾಗ ದನಿ ಎಂದಿನ ಹಾಗೆಯೇ ಇತ್ತು. ಅಪ್ರಾಮಾಣಿಕ ಎಂಬಲ್ಲಿಯೂ ನಿಲ್ಲಲಿಲ್ಲ, ಓಡಲೂ ಇಲ್ಲ. ಮುಗಿದ ಮೇಲೆ ದೊಡ್ಡ ಡಾಕ್ಟರು ಕಾಗದವನ್ನು ಕೈಗೆ ತೆಗೆದುಕೊಂಡರು.

"ಅವನೇ ಬಂದು ಹೇಳಿದ್ದು, ಅಲ್ವಾ?"

"ಹೌದು ಸರ್. ನೀವು ಕೋಟು ತೆಗೆಯೋಕೆ ಮೊದ್ಲೇ."

ಅವರು ಅಪ್ರಾಮಾಣಿಕ ಎಂಬ ಮಾತನ್ನು ಹೊಡೆದುಹಾಕಿದರು. ಪೆನ್ನು ಡಿನೌನ್ಸ್ ಹತ್ತಿರ ಬಂದು ನಿಂತಿತು. ಇಷ್ಟು ವರ್ಷ ಅವರು ಟೈಪಮ್ಮನ ಅಭಿಪ್ರಾಯ ಕೇಳಿದವರಲ್ಲ, ಟೈಪಮ್ಮ ಹೇಳಿದವರೂ ಅಲ್ಲ. ಅವತ್ತು ತಲೆ ಎತ್ತಿ, "ನೀವೇ ಹೇಳಿ. ಬರೀ ಅಡ್ವೈಸ್ ಅಂತ ಹಾಕಿದ್ರೆ ಸಾಕಾ?" ಎಂದರು.

ಸಾಕು ಎಂದರೆ ಮುಗಿದೇ ಹೋಗುತ್ತಿತ್ತು. ಅದೇ ವರ್ಷ ಸ್ಟೋರಿನ ಮುಖ್ಯಸ್ಥನ ಜಾಗ ಖಾಲಿಯಾಗುವುದಿತ್ತು. ತಮ್ಮ ಅದರ ಮೇಲೆ ಆಸೆ ಇಟ್ಟುಕೊಂಡಿದ್ದ. ಅಡ್ವೈಸಿಗಿಂತ ದೊಡ್ಡ ಮಾತು ಫೈಲಿನಲ್ಲಿ ಕೂತರೆ ಮೂರು ವರ್ಷ ಏಳುವುದಿಲ್ಲ, ಆ ಜಾಗ ಇನ್ನೊಬ್ಬನ ಪಾಲು. ಇದೆಲ್ಲ ಟೈಪಮ್ಮನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು.

"ಸಾಲದು ಸರ್," ಎಂದರು. "ಅಡ್ವೈಸ್ ಅಂದ್ರೆ, ಇನ್ಮುಂದೆ ನೋಡ್ಕೋಪ್ಪ ಅಂತ ಬೆನ್ನು ತಟ್ಟೋದು. ಇಪ್ಪತ್ತೇಳು ಮಕ್ಕಳು ವಾಪಸ್ ಹೋಗಿವೆ. ಡಿನೌನ್ಸ್ ಅಂದ್ರೆ ಅವನು ಮನುಷ್ಯನೇ ಅಲ್ಲ ಅಂದ ಹಾಗೆ. ಅವನು ಮೋಸ ಮಾಡಿಲ್ಲ, ತಪ್ಪು ಮಾಡಿದ್ದಾನೆ. ರೆಪ್ರಿಮ್ಯಾಂಡ್ ಅಂತ ಹಾಕಿ. ಅದು ಅವನ ತಪ್ಪಿನ ಅಳತೆಗೆ ಸರಿಯಾಗಿದೆ."

ದೊಡ್ಡ ಡಾಕ್ಟರು ಹಾಗೆಯೇ ತಿದ್ದಿದರು. ಮೇಲಿನ ಕಚೇರಿಗೆ ಪ್ರತಿ ಬೇಡ ಎಂದರು. ಹೊಸ ಮೆಮೊ ಏಳು ಸಾಲು ಆಯಿತು.

ಸಂಜೆ ಕೆಲಸ ಬಿಟ್ಟ ಮೇಲೆ ಟೈಪಮ್ಮ ಮೆಮೊ ಹಿಡಿದು ಸ್ಟೋರಿಗೆ ಇಳಿದರು. ನಡೆದದ್ದನ್ನು ಮುಚ್ಚಿಡದೆ ಹೇಳಿದರು, ಅಡ್ವೈಸ್ ಕೈಗೆ ಬಂದದ್ದನ್ನೂ, ತಾವು ಬೇಡ ಎಂದದ್ದನ್ನೂ. ತಮ್ಮ ಪೆಟ್ಟಿಗೆಗಳ ನಡುವೆ ಸ್ಟೂಲಿನ ಮೇಲೆ ಕೂತು ಕೇಳಿದ. ಏಳು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ. ಸಹಿ ಹಾಕಿದ.

"ಹೆಡ್ ಆಗೋದು ಹೋಯ್ತು," ಎಂದ.

"ಹೋಯ್ತು."

"ಬೆಳಿಗ್ಗೆಯಿಂದ ಎಲ್ರೂ ಕಾಗದದಲ್ಲೇ ಬೈತಿದ್ದೀರಿ ಅಕ್ಕ. ಬಾಯಲ್ಲಿ ಒಂದ್ಸಲ ಬೈದುಬಿಡು, ಹಗುರ ಆಗುತ್ತೆ."

ಟೈಪಮ್ಮ ಬಾಗಿಲು ಮುಂದೆ ಮಾಡಿದರು. "ನಿಂಗೆ ಬುದ್ಧಿ ಅನ್ನೋದು ಇದೆಯೇನೋ? ನಿನ್ನ ಬೆವರಿಗೆ ಫ್ಯಾನು ಬೇಕು, ಮಕ್ಕಳ ಔಷಧಿಗೆ ತಂಪು ಬೇಡ್ವಾ? ಒಬ್ಬಳು ಬಾಣಂತಿ ಎರಡು ಬಸ್ಸು ಬದಲಾಯಿಸಿ ಬಂದಿದ್ಳು ಕಣೋ. ಅವಳ ಮುಖ ನೋಡ್ದೆಯಾ? ನಾನು ನೋಡ್ದೆ." ಅಷ್ಟರಲ್ಲಿ ಅವರ ದನಿ ಏರಿತ್ತು, ಒಡೆದೂ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದೊಳಗೆ ಟೈಪಮ್ಮ ದನಿ ಏರಿಸಿದ್ದು ಅದೇ ಮೊದಲು.

ತಮ್ಮ ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡ. ಆಮೇಲೆ ರಿಜಿಸ್ಟರು ಬಿಚ್ಚಿ ಇಪ್ಪತ್ತೇಳು ವಿಳಾಸವನ್ನು ಹಾಳೆಯ ಮೇಲೆ ಇಳಿಸತೊಡಗಿದ. ಹೊಸ ಲಸಿಕೆ ಗುರುವಾರ ಬರುತ್ತಿತ್ತು. ಅಷ್ಟರೊಳಗೆ ಮನೆಮನೆಗೂ ತಾನೇ ಹೋಗಿ ಹೇಳಿ ಬರುತ್ತೇನೆ ಎಂದ. ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಟೈಪಮ್ಮ ಸ್ವಲ್ಪ ಹೊತ್ತು ನೋಡಿದರು, ಹಾಳೆಯನ್ನು ತಾವೇ ಎಳೆದುಕೊಂಡರು, ನೀನು ಓದಿ ಹೇಳು, ನಾನು ಬರೆಯುತ್ತೇನೆ ಎಂದರು.