ಮುಚ್ಚಿದ ಸಾಲು

ಥಾಯ್ಲೆಂಡಿನ ಉದೋನ್ ಪೇಟೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಪ್ರಯೂನ್ ಅವರದು ಹಾಡು ಕಟ್ಟುವ ಕೆಲಸ. ಮದ್ದಳೆ, ತಂತಿ, ಕೊಳಲು ಎಂದು ಒಂದೊಂದು ವಾದ್ಯವನ್ನೂ ಒಂದೊಂದು ಸಾಲಾಗಿ ಕಂಪ್ಯೂಟರಿಗೆ ತುಂಬಿಸಿ ಊಟದ ಮನೆಗಳ ಕರೋಕೆಗೆ ಕೊಡುತ್ತಿದ್ದರು. ಆ ಸಾಲುಗಳಲ್ಲಿ ಇರುತ್ತಿದ್ದುದು ಯಾವ ಸ್ವರ, ಎಷ್ಟು ಹೊತ್ತು ಎಂಬ ಸೂಚನೆಯಷ್ಟೇ. ದನಿ ಕೊಡುತ್ತಿದ್ದುದು ಸೌಂಡ್ ಕಾರ್ಡಿನ ಬೆನ್ನೇರಿ ಉಪ್ಪುಮೂಟೆಯಾಗಿ ಕೂತಿದ್ದ ಇನ್ನೊಂದು ಪುಟ್ಟ ಬೋರ್ಡು. ಮನೆಯಲ್ಲಿ ಅದಕ್ಕೆ ‘ಮರಿ’ ಎಂದೇ ಹೆಸರು.

ಹಾಡುವವರ ಧಾಟಿಗೂ ಒಂದು ಸಾಲಿತ್ತು. ಹೆಂಡತಿ ಸೋಂಪಿತ್ ಪಕ್ಕದಲ್ಲಿ ಕೂತು ಗುನುಗುವಳು. ಅವಳ ಎಳೆತ, ಅವಳು ಉಸಿರು ತೆಗೆದುಕೊಳ್ಳುವ ಜಾಗ, ಒಂದನ್ನೂ ಬಿಡದೆ ಪ್ರಯೂನ್ ಅದನ್ನು ಕೊಳಲಿನ ದನಿಯಲ್ಲಿ ಸೇರಿಸುವರು. ಆದರೆ ಅವಳು ಮೈಕು ಹಿಡಿದಳೆಂದರೆ ಆ ಸಾಲನ್ನು ಕೇಳಿಸದಂತೆ ಮುಚ್ಚಲೇಬೇಕು. ಬಲ್ಲವರ ಮುಂದೆ ಅದನ್ನು ತೆರೆದಿಟ್ಟರೆ ಅವಮಾನ.

“ಅದು ಕುಡುಕರಿಗೆ ಊರುಗೋಲು. ನಾನಿನ್ನೂ ನೆಟ್ಟಗೆ ನಡೀತಿದೀನಲ್ಲ,” ಎನ್ನುತ್ತಿದ್ದಳು ಸೋಂಪಿತ್.

ಗಂಟಲ ರೋಗ ಮೊದಲು ಅವಳ ದನಿಯನ್ನು, ಆಮೇಲೆ ಅವಳನ್ನೂ ಒಯ್ದಿತು. ಅಷ್ಟು ವರ್ಷ ಹಾಡಿದವಳ ದನಿಯನ್ನು ಒಬ್ಬರೂ ಹಿಡಿದಿಟ್ಟಿರಲಿಲ್ಲ; ನಾಳೆಯೂ ಹಾಡುತ್ತಾಳಲ್ಲ ಎಂದುಕೊಂಡಿದ್ದರು. ಬ್ಯಾಂಕಾಕಿನಿಂದ ಹಸುಗೂಸನ್ನೆತ್ತಿಕೊಂಡು ಬಂದ ಮಗಳು ಒರತೈಗೆ ಅದೇ ಕೊರಗು. ಮಗು ಅಜ್ಜಿಯ ಹಾಡು ಕೇಳಲೇ ಇಲ್ಲ. ದಹನಕ್ಕೆ ಮೊದಲು ವಿಹಾರದಲ್ಲಿ ಆ ಧಾಟಿಯ ಸಾಲನ್ನಾದರೂ ಕೇಳಿಸಬೇಕೆಂದು ಅಪ್ಪನಿಗೆ ದುಂಬಾಲು ಬಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಅವೇ ಸ್ವರಗಳು ಜಾತ್ರೆಯ ಪೀಪಿಯಂತೆ ಕಿರುಚಿದವು. ಮರಿಯೇ ಬೇಕು.

ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಬಿಚ್ಚುವಾಗ ಒರತೈಯ ಜೀವ ಕೈಯಲ್ಲಿತ್ತು. ಒಳಗೆ ಹಲ್ಲಿಯ ಮೊಟ್ಟೆ, ಬೂಷ್ಟು. ಹೊತ್ತಿಕೊಂಡು ಸುಟ್ಟುಹೋದರೆ? ಈ ಧೂಳು ಮಗುವಿನ ಮೂಗಿಗೆ ಹೋದರೆ? ಮಗುವನ್ನು ಹೊರಗೊಯ್ದಳು, ಸೊಳ್ಳೆ ಕಂಡು ಮತ್ತೆ ಒಳಗೆ ತಂದಳು. ಪ್ರಯೂನ್ ಮರಿಯನ್ನು ಒರೆಸಿ, ಅದರ ಜಾಗದಲ್ಲಿ ಒತ್ತಿ ಕೂರಿಸಿದರು. ಕೊಳಲು ನುಡಿಯಿತು. ಒಂದೇ ಸ್ವರ ಕೇಳಿ ಸಾಕೆಂದು ಆರಿಸಿಬಿಟ್ಟರು.

ವಿಹಾರದಲ್ಲಿ ಶವಪೆಟ್ಟಿಗೆಯ ಪಕ್ಕ ಸೋಂಪಿತಳ ದೊಡ್ಡ ಪಟ. ಪ್ರಯೂನ್ ಅದನ್ನೊಮ್ಮೆ ನೋಡಿ, ಹೊತ್ತು ತಂದಿದ್ದ ಕಂಪ್ಯೂಟರಿನಲ್ಲಿ ಹಾಡು ಹಾಕಿದರು. ಆರಂಭದ ವಾದ್ಯ ಮುಗಿದು ಪಲ್ಲವಿಯ ಜಾಗ ಬಂತು. ಮದ್ದಳೆ ಇದೆ, ತಂತಿ ಇದೆ, ಧಾಟಿ ಇಲ್ಲ.

“ಹಾಡೋರು ಎಲ್ಲಮ್ಮಾ?” ಎಂದು ನೆರೆಮನೆಯ ಮುದುಕಿ ಲಮೈ ಪಿಸುಗುಟ್ಟಿದಳು.

ಮರಿ ಕೈಕೊಟ್ಟಿತೆಂದು ಒರತೈ ಓಡಿದಳು. ಕೆಟ್ಟಿರಲಿಲ್ಲ. ಪರದೆಯ ಮೇಲೆ ಧಾಟಿಯ ಸಾಲೊಂದೇ ಮುಚ್ಚಿತ್ತು. ತೆರೆಯುವಷ್ಟರಲ್ಲಿ ಹಾಡು ಮುಗಿಯಿತು; ಭಿಕ್ಷುಗಳು ಎದ್ದರು, ಪೆಟ್ಟಿಗೆ ಮೇಲೆದ್ದಿತು.

“ಅಪ್ಪಾ, ಅಮ್ಮನ ಸಾಲನ್ನೇ ಮುಚ್ಚಿಬಿಟ್ಯಲ್ಲ.”

ಪ್ರಯೂನ್ ತಮ್ಮ ಬೆರಳನ್ನೇ ನೋಡಿಕೊಂಡರು. “ಅವಳು ಎದುರಿಗಿದ್ದಳಲ್ಲಮ್ಮ. ಅವಳ ಮುಂದೆ ಅದನ್ನ ನಾನು ಯಾವತ್ತು ತೆರೆದಿದ್ದೆ?”

ಸಂಜೆ ಮನೆಗೆ ಬಂದು ಕಂಪ್ಯೂಟರನ್ನು ಮತ್ತೆ ಜೋಡಿಸಿದರು. ಪಕ್ಕದ ಕುರ್ಚಿ ಖಾಲಿಯಿತ್ತು. ಹಾಡು ಹಾಕೆಂದು ಒರತೈ ಈ ಸಲ ಕೇಳಲಿಲ್ಲ; ಪ್ರಯೂನ್ ತಾವಾಗಿಯೇ ಮಗುವನ್ನು ಕೊಡು ಎಂದು ತೊಡೆಯ ಮೇಲೆ ಕೂರಿಸಿಕೊಂಡರು. ಬಹಳ ಹೊತ್ತು ಬೆರಳೆತ್ತಿಕೊಂಡೇ ಇದ್ದು, ಕೊನೆಗೆ ಆ ಸಾಲನ್ನು ತೆರೆದರು.

ಕೊಳಲು ಎಳೆದೆಳೆದು ಸಾಗಿ, ಸೋಂಪಿತ್ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗಕ್ಕೆ ಬಂದು ನಿಂತಿತು. ಅಲ್ಲಿ ಪ್ರಯೂನ್ ಅತ್ತರು.